ತಿರುಗುವ ಅಚ್ಚು: ತೋಟದ ಸಣ್ಣ ಗಾಡಿಗೆ ಹಿಂದಿನ ಆಕ್ಸಲ್ ಮಾಡಿ ಕೂರಿಸುವ ಬಗೆ

ಎತ್ತಿನ ಗಾಡಿಯ ಅಚ್ಚು ತಿರುಗುವುದಿಲ್ಲ. ಗಾಲಿ ಅದರ ಮೇಲೆ ತಿರುಗುತ್ತದೆ, ಕಡಾಣಿ ಗಾಲಿ ಕಳಚಿ ಬೀಳದಂತೆ ಹಿಡಿಯುತ್ತದೆ. ಎಷ್ಟೇ ಭಾರ ಹೇರಿದರೂ ಆ ಅಚ್ಚಿನ ಅಡಿಭಾಗ ಯಾವಾಗಲೂ ಎಳೆತದಲ್ಲಿರುತ್ತದೆ, ಮೇಲ್ಭಾಗ ಯಾವಾಗಲೂ ಒತ್ತಿನಲ್ಲಿರುತ್ತದೆ. ಹಳೆ ಬೈಕಿನ ಇಂಜಿನ್, ಸ್ಕೂಟರ್ ಗಾಲಿ, ಚೌಕ ಪೈಪಿನ ಚಾಸಿ ಸೇರಿಸಿ ಅಡಿಕೆ ತೋಟದಲ್ಲಿ ಗೊನೆ, ಗೊಬ್ಬರ ಸಾಗಿಸಲು ಕಟ್ಟಿಕೊಳ್ಳುವ ಗಾಡಿಯ ಹಿಂದಿನ ಆಕ್ಸಲ್ ಹಾಗಲ್ಲ. ಅಲ್ಲಿ ಚೈನು ಆಕ್ಸಲನ್ನೇ ತಿರುಗಿಸುತ್ತದೆ, ಆಕ್ಸಲ್ ತನ್ನ ಜೊತೆ ಗಾಲಿಗಳನ್ನು ತಿರುಗಿಸುತ್ತದೆ. ಮೇಲ್ಮೈಯ ಒಂದೊಂದು ಬಿಂದುವೂ ಕೆಳಗೆ ಬಂದಾಗ ಹಿಗ್ಗುತ್ತದೆ, ಅರ್ಧ ಸುತ್ತಿನ ಬಳಿಕ ಮೇಲೆ ಬಂದಾಗ ಕುಗ್ಗುತ್ತದೆ. 420 ಮಿ.ಮೀ. ವ್ಯಾಸದ ಗಾಲಿಯಾದರೆ ಒಂದು ಕಿಲೋಮೀಟರಿಗೆ ಸುಮಾರು 758 ಸುತ್ತು. ದಿನಕ್ಕೆ 5 ಕಿ.ಮೀ. ಓಡಿದರೂ ವರ್ಷದೊಳಗೆ 10 ಲಕ್ಷ ಸಲ ಈ ಹಿಗ್ಗು-ಕುಗ್ಗು ನಡೆದುಹೋಗುತ್ತದೆ.

ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತ ಹೋದರೆ ಒಮ್ಮೆ ತುಂಡಾಗುತ್ತದಲ್ಲ, ಆಕ್ಸಲ್ ಸಾಯುವುದೂ ಅದೇ ದಾರಿಯಲ್ಲಿ, ಬಹಳ ನಿಧಾನವಾಗಿ. ಒಂದು ದಿನದ ಅತಿಭಾರಕ್ಕೆ ಮುರಿಯುವ ಆಕ್ಸಲ್‌ಗಳು ಕಡಿಮೆ. ತಿಂಗಳುಗಟ್ಟಲೆ ಚೆನ್ನಾಗಿ ಓಡಿ, ಒಂದು ಬೆಳಿಗ್ಗೆ ಖಾಲಿ ಗಾಡಿಯಲ್ಲೇ ಕಟ್ ಆಗುವವೇ ಹೆಚ್ಚು. ಮುರಿದ ಜಾಗ ನೋಡಿದರೆ ಸ್ಟೆಪ್ಪಿನ (ದಪ್ಪ ಇಳಿಯುವ ಮೆಟ್ಟಿಲಿನ) ಮೂಲೆ, ಕೀ-ವೇಯ (ಗಾಲಿ ಶಾಫ್ಟಿನ ಜೊತೆ ತಿರುಗುವಂತೆ ಹಿಡಿಯುವ ಕೀ ಎಂಬ ಲೋಹದ ತುಂಡು ಕೂರಲು ಕೊರೆದ ಸಾಲಿನ) ತುದಿ ಅಥವಾ ವೆಲ್ಡಿಂಗಿನ ಪಕ್ಕ, ಈ ಮೂರರಲ್ಲಿ ಒಂದು ಆಗಿರುತ್ತದೆ. ರೈಲಿನವರು ಇದನ್ನು ಬಹಳ ಹಿಂದೆಯೇ ಪ್ರಾಣ ತೆತ್ತು ಕಲಿತರು. 1842ರ ಮೇ 8ರಂದು ವರ್ಸೈಲ್ಸ್‌ನಿಂದ ಪ್ಯಾರಿಸ್‌ಗೆ ಹೊರಟಿದ್ದ ರೈಲಿನ ಇಂಜಿನ್ನಿನ ಅಚ್ಚು ಮುರಿದು 50ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷವೇ ರ‍್ಯಾಂಕಿನ್ ಎಂಬ ಸ್ಕಾಟ್ಲೆಂಡಿನ ಇಂಜಿನಿಯರ್, ಅಚ್ಚುಗಳ ಬಿರುಕು ದಪ್ಪ ಬದಲಾಗುವ ಚೂಪು ಮೂಲೆಯಿಂದ ಶುರುವಾಗುತ್ತದೆ, ಆ ಮೂಲೆಯನ್ನು ದುಂಡಗೆ ಮಾಡಬೇಕು ಎಂದು ತೋರಿಸಿದ. ಇವತ್ತಿಗೂ ಲೇತಿನ ಮುಂದೆ ನಿಂತಾಗ ಮೊದಲು ನೆನಪಿಡಬೇಕಾದ್ದು ಅದನ್ನೇ.

ಒಂದು ಎಚ್ಚರಿಕೆ. ಇದು ತೋಟದೊಳಗೆ, ಸ್ವಂತ ಜಾಗದಲ್ಲಿ ನಿಧಾನವಾಗಿ ಓಡುವ ಗಾಡಿಯ ಮಾತು. ಸಾರ್ವಜನಿಕ ರಸ್ತೆಗೆ ಬರುವ ವಾಹನದ ಮಾದರಿಯನ್ನು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 126ನೇ ನಿಯಮದಂತೆ ಮಾನ್ಯ ಸಂಸ್ಥೆಯಲ್ಲಿ ಪರೀಕ್ಷೆಗೆ ಒಡ್ಡಬೇಕು. ಮನೆಯಲ್ಲಿ ಕಟ್ಟಿದ ಗಾಡಿ ಆ ದಾರಿಯಲ್ಲಿ ಬಂದಿರುವುದಿಲ್ಲ.

ಎಷ್ಟು ದಪ್ಪ ಬೇಕು

ಗಾಡಿ, ಓಡಿಸುವವರು, ಹೇರು ಸೇರಿ ಸುಮಾರು 280 ಕೆ.ಜಿ. ಎಂದಿಟ್ಟುಕೊಳ್ಳಿ. ಅದರಲ್ಲಿ 160 ಕೆ.ಜಿ. ಹಿಂದಿನ ಆಕ್ಸಲಿನ ಮೇಲೆ, ಅಂದರೆ ಒಂದು ಗಾಲಿಗೆ 80 ಕೆ.ಜಿ. ತೋಟದಲ್ಲಿ ಕಲ್ಲು, ಬೇರು, ಚರಂಡಿ ಇರುವುದರಿಂದ ಗುದ್ದಿಗೆ 3 ಪಟ್ಟು ಲೆಕ್ಕ ಹಿಡಿಯಬೇಕು. 80 × 3 × 9.81 ಅಂದರೆ 2354 ನ್ಯೂಟನ್. ಬೇರಿಂಗಿನ ನಡುವಿನಿಂದ ಗಾಲಿಯ ನಡುಗೆರೆಗೆ 90 ಮಿ.ಮೀ. ಇದ್ದರೆ ಆಕ್ಸಲನ್ನು ಬಾಗಿಸುವ ಮೊಮೆಂಟ್ (ಬಲ × ದೂರ) 212 ನ್ಯೂಟನ್-ಮೀಟರ್.

ಇಲ್ಲಿ ಹೆಚ್ಚಿನವರು ತಪ್ಪು ತಿಳಿಯುವ ಒಂದು ವಿಷಯವಿದೆ. ಎರಡು ಬೇರಿಂಗ್‌ಗಳನ್ನು ದೂರ ದೂರ ಇಟ್ಟರೆ ಆಕ್ಸಲಿಗೆ ಆರಾಮ ಎಂದುಕೊಳ್ಳುತ್ತಾರೆ. ಎರಡೂ ಗಾಲಿಗೆ ಸಮ ಭಾರ ಬಿದ್ದಾಗ ಬೇರಿಂಗ್‌ಗಳ ನಡುವಿನ ಅಷ್ಟೂ ಉದ್ದದಲ್ಲಿ ಬಾಗಿಸುವ ಮೊಮೆಂಟ್ ಒಂದೇ ಆಗಿರುತ್ತದೆ, 600 ಮಿ.ಮೀ. ದೂರವಿದ್ದರೂ 212, 400 ಇದ್ದರೂ 212. ಅದನ್ನು ಇಳಿಸುವ ದಾರಿ ಒಂದೇ: ಗಾಲಿಯನ್ನು ಬೇರಿಂಗಿಗೆ ಹತ್ತಿರ ತರುವುದು. 90 ಮಿ.ಮೀ. ಇದ್ದದ್ದನ್ನು 130 ಮಾಡಿದರೆ ಮೊಮೆಂಟ್ ಸುಮಾರು ಒಂದೂವರೆ ಪಟ್ಟು ಏರುತ್ತದೆ. ಗಾಲಿ ಚಾಸಿಗೆ ತಾಗುತ್ತದೆಂದು ಕೊನೆಗಳಿಗೆಯಲ್ಲಿ ಬುಷ್ ಹಾಕಿ ಗಾಲಿಯನ್ನು ಹೊರಗೆ ತಳ್ಳುವುದು ಎಷ್ಟು ಅಪಾಯ ಎಂಬುದು ಇದರಿಂದ ತಿಳಿಯುತ್ತದೆ.

ಅದೇ 212ಕ್ಕೆ 20 ಮಿ.ಮೀ. ಶಾಫ್ಟಿನ ಮೇಲ್ಮೈಯಲ್ಲಿ ಬರುವ ಒತ್ತಡ 270 ಮೆಗಾಪ್ಯಾಸ್ಕಲ್ (ಒಂದು ಚದರ ಮಿ.ಮೀ.ಗೆ ಅಷ್ಟು ನ್ಯೂಟನ್), 25ರಲ್ಲಿ 138, 30ರಲ್ಲಿ 80. ದಪ್ಪ 25ರಿಂದ 30ಕ್ಕೆ ಏರಿದ್ದು ಬರೀ 5 ಮಿ.ಮೀ., ಬಲ ಏರಿದ್ದು 1.7 ಪಟ್ಟು, ಏಕೆಂದರೆ ಇಲ್ಲಿ ವ್ಯಾಸದ ಘನ ಲೆಕ್ಕಕ್ಕೆ ಬರುತ್ತದೆ. ಇದರ ಮೇಲೆ ಚೈನು ತಿರುಚುವ ಬಲ ಬೇರೆ ಇದೆ. ಇಂಜಿನ್ನು ಮೊದಲ ಗೇರಿನಲ್ಲಿ ಎಷ್ಟೇ ಎಳೆದರೂ ಗಾಲಿ ಜಾರಿದ ಕೂಡಲೇ ತಿರುಚು ನಿಲ್ಲುವುದರಿಂದ, ಅದನ್ನು ನೆಲದ ಹಿಡಿತದಿಂದಲೇ ಲೆಕ್ಕ ಹಾಕುವುದು ಸುಲಭ. 160 ಕೆ.ಜಿ. ಭಾರ, ಹಿಡಿತ 0.7, ಗಾಲಿಯ ತ್ರಿಜ್ಯ 0.21 ಮೀಟರ್: ಸುಮಾರು 231 ನ್ಯೂಟನ್-ಮೀಟರ್. ಬಾಗು, ತಿರುಚು ಎರಡನ್ನೂ ಸೇರಿಸಿದರೆ 25 ಮಿ.ಮೀ. ಶಾಫ್ಟಿನಲ್ಲಿ 190, 30 ಮಿ.ಮೀ. ಶಾಫ್ಟಿನಲ್ಲಿ 110 ಮೆಗಾಪ್ಯಾಸ್ಕಲ್ ಬರುತ್ತದೆ. ಸಾದಾ ಎಂಎಸ್ (ಮೈಲ್ಡ್ ಸ್ಟೀಲ್) ರಾಡು ಶಾಶ್ವತವಾಗಿ ಬಾಗಲು ಶುರುಮಾಡುವುದು 240–250ರ ಸುಮಾರಿಗೆ. ಕೀ-ವೇಯ ಮೂಲೆಯಲ್ಲಿ ಒತ್ತಡ ಎರಡು ಪಟ್ಟಾಗುತ್ತದೆ ಎಂಬುದನ್ನು ಸೇರಿಸಿಕೊಂಡರೆ 25 ಮಿ.ಮೀ. ಎಂಎಸ್‌ನಲ್ಲಿ ಏನೂ ಉಳಿಯುವುದಿಲ್ಲ.

ಹಾಗಾಗಿ ಬೇರಿಂಗ್ ಕೂರುವಲ್ಲಿ 30 ಮಿ.ಮೀ., ಕಬ್ಬಿಣ ಇಎನ್8 ಎಂಬ ದರ್ಜೆಯ ಉಕ್ಕು. ಇದರಲ್ಲಿ ಇಂಗಾಲ 0.40 ಶೇಕಡಾ ಆಸುಪಾಸು ಇರುತ್ತದೆ. ನಾರ್ಮಲೈಸ್ (ಕಾಯಿಸಿ ಗಾಳಿಯಲ್ಲಿ ಆರಿಸಿದ) ಸ್ಥಿತಿಯಲ್ಲಿ ಸುಮಾರು 280 ಮೆಗಾಪ್ಯಾಸ್ಕಲ್‌ವರೆಗೆ ಬಾಗದೆ ನಿಲ್ಲುತ್ತದೆ, ಲೇತಿನಲ್ಲಿ ಚೆನ್ನಾಗಿ ಕಟಿಂಗ್ ಆಗುತ್ತದೆ, ಬೆಂಗಳೂರಿನ ಪೀಣ್ಯದಲ್ಲಿರಲಿ ಬೆಳಗಾವಿಯ ಉದ್ಯಮಬಾಗ್‌ನಲ್ಲಿರಲಿ ಸ್ಟೀಲ್ ಅಂಗಡಿಯಲ್ಲಿ ಕೇಳಿದರೆ ತುಂಡು ಮಾಡಿ ಕೊಡುತ್ತಾರೆ. ಇಎನ್19, ಇಎನ್24 ಇದಕ್ಕಿಂತ ಗಟ್ಟಿ. ಆದರೆ ಈ ಗಾಡಿಗೆ ಆ ದುಡ್ಡು ಖರ್ಚು ಮಾಡುವ ಬದಲು ಸ್ಟೆಪ್ಪಿನ ರೇಡಿಯಸ್ (ಮೂಲೆಯ ದುಂಡು) ಸರಿಯಾಗಿ ಕೊಡಿಸಿದರೆ ಸಿಗುವ ಲಾಭ ಹೆಚ್ಚು. ಗುಜರಿಯ ಗುರುತಿಲ್ಲದ ಶಾಫ್ಟ್ ಮಾತ್ರ ಬೇಡ. ಅದರೊಳಗೆ ಮೊದಲೇ ಎಷ್ಟು ಲಕ್ಷ ಸುತ್ತಿನ ದಣಿವು ಕೂತಿದೆ ಎಂದು ಕಣ್ಣಿಗೆ ಕಾಣುವುದಿಲ್ಲ.

ಎರಡೂ ಗಾಲಿ ಒಂದೇ ಆಕ್ಸಲಿಗೆ ಕಚ್ಚಿಕೊಂಡಿದ್ದರೆ ತಿರುವಿನಲ್ಲಿ ತೊಂದರೆ ಇದ್ದೇ ಇದೆ. ಗಾಲಿಗಳ ನಡುವೆ 780 ಮಿ.ಮೀ. ಇದ್ದರೆ ಒಂದು ಪೂರ್ತಿ ಸುತ್ತು ಹೊಡೆಯುವಾಗ ಹೊರಗಿನ ಗಾಲಿ ಒಳಗಿನದಕ್ಕಿಂತ 4.9 ಮೀಟರ್ ಹೆಚ್ಚು ಓಡಬೇಕು. ಎರಡು ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ ಇಲ್ಲದ್ದರಿಂದ ಯಾವುದಾದರೂ ಒಂದು ಗಾಲಿ ಜಾರಲೇಬೇಕು. ತೋಟದ ಮಣ್ಣಿನಲ್ಲಿ ಅದು ಸಲೀಸಾಗಿ ಜಾರುತ್ತದೆ. ಕಾಂಕ್ರೀಟ್ ಅಂಗಳದಲ್ಲಿ ಟೈರ್ ಸವೆಯುತ್ತದೆ, ಆಕ್ಸಲ್ ತಿರುಚಿಕೊಳ್ಳುತ್ತದೆ, ಗಾಡಿ ನೇರ ಹೋಗಲು ಹಟ ಹಿಡಿಯುತ್ತದೆ. ಹೆಚ್ಚು ಓಡಾಟ ಗಟ್ಟಿ ನೆಲದಲ್ಲೇ ಎಂದಾದರೆ ಒಂದು ಗಾಲಿಗೆ ಮಾತ್ರ ಕೀ ಕೊಟ್ಟು, ಇನ್ನೊಂದರ ಹಬ್ಬಿನೊಳಗೆ (ಶಾಫ್ಟಿನ ಮೇಲೆ ಕೂರುವ ನಡುಭಾಗದೊಳಗೆ) ಎರಡು 6205 ಬೇರಿಂಗ್ ಹಾಕಿ ಬಿಡುವಾಗಿ ತಿರುಗಲು ಬಿಡುವುದು ಒಳ್ಳೆಯದು.

ನಕ್ಷೆ

ನಕ್ಷೆ ಇಲ್ಲದೆ ಲೇತ್ ಶಾಪಿಗೆ ಹೋಗಬಾರದು. ಬಾಯಿಮಾತಿನಲ್ಲಿ ಹೇಳಿದ ಅಳತೆ ಟರ್ನರನ ಕೈಯಲ್ಲಿ ಬೇರೆಯೇ ಆಗುತ್ತದೆ, ತಪ್ಪು ಯಾರದೆಂದು ಆಮೇಲೆ ಹೇಳಲಾಗುವುದಿಲ್ಲ. ಮೊದಲು ಗಾಲಿ, ಬೇರಿಂಗ್, ಸ್ಪ್ರಾಕೆಟ್ (ಚೈನಿನ ಹಲ್ಲುಚಕ್ರ), ಬ್ರೇಕ್ ಡಿಸ್ಕ್ ಎಲ್ಲವನ್ನೂ ಕೊಂಡು ಕೈಯಲ್ಲಿ ಹಿಡಿದು ಅಳೆಯಬೇಕು. ಆಕ್ಸಲ್ ಮಾಡುವುದು ಕೊನೆಗೆ.

ಜೋಡಣೆಯ ಕ್ರಮವೇ ಆಕಾರವನ್ನು ನಿರ್ಧರಿಸುತ್ತದೆ. ಸ್ಪ್ರಾಕೆಟ್ ಹಬ್ ಮತ್ತು ಬ್ರೇಕ್ ಡಿಸ್ಕಿನ ಹಬ್ ಮೊದಲು ನಡುವಿಗೆ ಹೋಗಬೇಕು, ಆಮೇಲೆ ಬೇರಿಂಗ್, ಆಮೇಲೆ ಗಾಲಿಯ ಹಬ್, ಕೊನೆಗೆ ನಟ್. ಆದ್ದರಿಂದ ನಡುವಿನಿಂದ ತುದಿಗೆ ಹೋದಂತೆ ವ್ಯಾಸ ಇಳಿಯುತ್ತಲೇ ಹೋಗಬೇಕು. 32 ಮಿ.ಮೀ. ಬ್ರೈಟ್ ಬಾರ್ (ತಣ್ಣಗೆ ಎಳೆದು ನಯ ಮಾಡಿದ ರಾಡು) ತೆಗೆದುಕೊಂಡರೆ ನಡುವಿನ 540 ಮಿ.ಮೀ. ಉದ್ದವನ್ನು ಲೇತಿನಲ್ಲಿ ಮುಟ್ಟದೆ ಹಾಗೇ ಬಿಡಬಹುದು. ಅದರ ಎರಡೂ ಕಡೆ ಬೇರಿಂಗಿಗೆ 30 ಮಿ.ಮೀ. ವ್ಯಾಸ 58 ಮಿ.ಮೀ. ಉದ್ದ, ಗಾಲಿಯ ಹಬ್ಬಿಗೆ 25 ವ್ಯಾಸ 48 ಉದ್ದ, ತುದಿಯಲ್ಲಿ ಎಂ20 × 1.5 ಥ್ರೆಡ್ 30 ಉದ್ದ. ಒಟ್ಟು 812 ಮಿ.ಮೀ. ಬೇರಿಂಗ್‌ಗಳ ನಡುವಿನ ದೂರ 600. ಕತ್ತರಿಸುವ ತುಂಡು 820 ಇರಲಿ, ತೂಕ 5 ಕೆ.ಜಿ.ಗೆ ಸ್ವಲ್ಪ ಮೇಲೆ.

ನಡುಭಾಗ ಮುಟ್ಟದೆ ಬಿಡುವುದು ಸೋಮಾರಿತನವಲ್ಲ. 30 ಮಿ.ಮೀ. ದಪ್ಪದ ಉದ್ದ ಶಾಫ್ಟನ್ನು ತುದಿಯಿಂದ ತುದಿಗೆ ಟರ್ನಿಂಗ್ ಮಾಡಿದರೆ ನಡುವೆ ಅದು ಟೂಲಿನಿಂದ ದೂರ ಬಾಗುತ್ತದೆ. ತುದಿಗಳಲ್ಲಿ ಸರಿಯಾದ ಅಳತೆ, ನಡುವೆ ದಪ್ಪ, ಹೊಟ್ಟೆ ಬಂದ ಹಾಗೆ ಆಗುತ್ತದೆ. ಸ್ಟೆಡಿ (ನಡುವೆ ಆನಿಸುವ ಆಸರೆ) ಕಟ್ಟಿ ತಡೆಯಬಹುದು, ಆದರೆ ಅಗತ್ಯವಿಲ್ಲದ ಕೆಲಸ ಅದು. ತುದಿಯ 136 ಮಿ.ಮೀ. ಮಾತ್ರ ತಿರುವಿದರೆ ಸೆಂಟರ್ (ಶಾಫ್ಟಿನ ತುದಿಯ ತೂತಿಗೆ ಆನಿಸುವ ಲೇತಿನ ಚೂಪು ಮೊನೆ) ಪಕ್ಕದಲ್ಲೇ ಇರುವುದರಿಂದ ಬಾಗುವ ಮಾತಿಲ್ಲ.

ಬೇರಿಂಗಿಗೆ ಯುಸಿಪಿ 206 (ಪಾದವಿರುವ ಬೇರಿಂಗ್ ಬ್ಲಾಕ್) ಸಾಕು: 30 ಮಿ.ಮೀ. ಒಳವ್ಯಾಸ, ಪಾದದಿಂದ ನಡುವಿಗೆ 42.9 ಮಿ.ಮೀ. ಎತ್ತರ, ಬೋಲ್ಟ್ ತೂತುಗಳ ನಡುವೆ 121 ಮಿ.ಮೀ. ಇದರ ಒಳರಿಂಗು ಅಗಲ 38.1, ನಡುವಿನಿಂದ ಒಂದು ಕಡೆ 22.2, ಇನ್ನೊಂದು ಕಡೆ 15.9. ಗ್ರಬ್ ಸ್ಕ್ರೂ (ರಿಂಗನ್ನು ಶಾಫ್ಟಿಗೆ ಬಿಗಿಯುವ ತಲೆಯಿಲ್ಲದ ಸ್ಕ್ರೂ) ಇರುವ ಅಗಲದ ಕಡೆ ಹೊರಮುಖ ಮಾಡಿದರೆ 25ರ ಸ್ಟೆಪ್ ಬೇರಿಂಗ್ ನಡುವಿನಿಂದ 28 ಮಿ.ಮೀ. ದೂರಕ್ಕೆ ಬರುತ್ತದೆ, ರಿಂಗಿಗೂ ಹಬ್ಬಿಗೂ ನಡುವೆ ಸುಮಾರು 6 ಮಿ.ಮೀ. ಸಂದು ಉಳಿಯುತ್ತದೆ. ಭಾರದ ದೃಷ್ಟಿಯಿಂದ ಈ ಬೇರಿಂಗ್ ಬೇಕಾದ್ದಕ್ಕಿಂತ ಬಹಳ ದೊಡ್ಡದು: ಅದರ ಡೈನಾಮಿಕ್ ರೇಟಿಂಗ್ (10 ಲಕ್ಷ ಸುತ್ತು ತಾಳುವ ಭಾರ) 19.5 ಕಿಲೋನ್ಯೂಟನ್, ನಮ್ಮ ಭಾರ 1.5 ಎಂದು ಹಿಡಿದರೂ ಲೆಕ್ಕದ ಆಯುಷ್ಯ 200 ಕೋಟಿ ಸುತ್ತು ದಾಟುತ್ತದೆ. ಅದನ್ನು ಹಾಳುಮಾಡುವುದು ಭಾರವಲ್ಲ. ಮಳೆಗಾಲದ ಕೆಸರು, ವಾರೆಯಾಗಿ ಕೂರಿಸಿದ್ದು, ಸಡಿಲ ಶಾಫ್ಟ್, ಇವು.

ಲೇತಿನ ಮೇಲೆ

ಬಾರ್ ಆರಿಸುವಾಗ ವಿ-ಬ್ಲಾಕ್ ಮೇಲಿಟ್ಟು ತಿರುಗಿಸಿ ನಡುವೆ ಡಯಲ್ (ಮುಳ್ಳಿರುವ ಅಳತೆಯ ಉಪಕರಣ) ಹಿಡಿದು ನೋಡಿ. ಮುಳ್ಳು 0.2 ಮಿ.ಮೀ.ಗಿಂತ ಹೆಚ್ಚು ಆಡಿದರೆ ಬೇರೆ ಬಾರ್ ಕೇಳಿ. ಅಳತೆಯನ್ನೂ ಬರೆದುಕೊಳ್ಳಿ. 32 ಎಂದು ಮಾರುವ ಬ್ರೈಟ್ ಬಾರ್ ಸಾಮಾನ್ಯವಾಗಿ h9 ಟಾಲರೆನ್ಸಿನಲ್ಲಿ ಬರುತ್ತದೆ, ಅಂದರೆ 31.938ರಿಂದ 32.000ವರೆಗೆ ಎಷ್ಟಾದರೂ ಇರಬಹುದು. ಸ್ಪ್ರಾಕೆಟ್ ಹಬ್ಬಿನ ಬೋರನ್ನು 32ಕ್ಕಲ್ಲ, ನಿಮ್ಮ ಬಾರಿನ ನಿಜ ಅಳತೆಗೆ 0.01–0.02 ಸೇರಿಸಿ ಮಾಡಿಸಬೇಕು.

ಮೊದಲು ಎರಡೂ ತುದಿ ಫೇಸಿಂಗ್ (ಮುಖ ಚಪ್ಪಟೆ ಮಾಡುವುದು), 812ಕ್ಕೆ ತರುವುದು, 4 ಮಿ.ಮೀ. ಸೆಂಟರ್ ಡ್ರಿಲ್. ಇಲ್ಲಿಂದ ಮುಂದೆ ಎಲ್ಲ ಕೆಲಸವೂ ಈ ಎರಡು ಸೆಂಟರ್‌ಗಳ ನಡುವೆ, ಡಾಗ್ (ಶಾಫ್ಟನ್ನು ಕಚ್ಚಿ ತಿರುಗಿಸುವ ಹಿಡಿಕೆ) ಕಟ್ಟಿ ನಡೆಯಬೇಕು. ಒಂದು ತುದಿಯನ್ನು ತ್ರೀ-ಜಾ ಚಕ್ಕಿನಲ್ಲಿ (ಲೇತಿನ ಮೂರು ಹಲ್ಲಿನ ಹಿಡಿಕೆಯಲ್ಲಿ) ಹಿಡಿದು ಮಾಡಿ, ಆಮೇಲೆ ತಿರುಗಿಸಿ ಇನ್ನೊಂದು ತುದಿ ಮಾಡಿದರೆ ಚಕ್ಕಿನ ಔಟ್ (ನಡುಗೆರೆ ತಪ್ಪಿದ ಓಲಾಟ) ಪೂರ್ತಿ ಶಾಫ್ಟಿಗೆ ಬರುತ್ತದೆ. ಎರಡೂ ತುದಿ ಬೇರೆ ಬೇರೆಯಾಗಿ ನೋಡಿದರೆ ಗುಂಡಗೇ ಇರುತ್ತವೆ, ಆದರೆ ಅವುಗಳ ನಡುಗೆರೆ ಒಂದಾಗಿರುವುದಿಲ್ಲ. ಗಾಡಿ ಓಡುವಾಗ ಗಾಲಿ ಕುಣಿಯಲು ಇದೇ ದೊಡ್ಡ ಕಾರಣ, ಆಮೇಲೆ ಇದಕ್ಕೆ ಮದ್ದಿಲ್ಲ. ಸೆಂಟರ್ ನಡುವೆ ಮಾಡಿದರೆ ಎಷ್ಟು ಸಲ ತೆಗೆದು ಹಾಕಿದರೂ ನಡುಗೆರೆ ಅದೇ. ಕೆಲಸ ಮುಗಿದ ಮೇಲೂ ಸೆಂಟರ್ ತೂತುಗಳನ್ನು ಕೆಡಿಸಬೇಡಿ, ಮುಂದೆ ಪರೀಕ್ಷೆಗೆ ಬೇಕಾಗುತ್ತವೆ.

ಎಚ್ಚೆಸ್ಸೆಸ್ (ಹೈ ಸ್ಪೀಡ್ ಸ್ಟೀಲ್) ಟೂಲಾದರೆ ನಿಮಿಷಕ್ಕೆ 28 ಮೀಟರ್ ಕಟಿಂಗ್ ವೇಗ, 32 ವ್ಯಾಸಕ್ಕೆ ಸುಮಾರು 280 ಆರ್‌ಪಿಎಂ. ಕಾರ್ಬೈಡ್ ಇನ್ಸರ್ಟ್ ಆದರೆ ನಿಮಿಷಕ್ಕೆ 100 ಮೀಟರ್, ಸುಮಾರು 1000 ಆರ್‌ಪಿಎಂ. ಆ ವೇಗದಲ್ಲಿ ತಿರುಗದ ಡೆಡ್ ಸೆಂಟರ್ ಸುಟ್ಟುಹೋಗುತ್ತದೆ, ರಿವಾಲ್ವಿಂಗ್ ಸೆಂಟರ್ ಬೇಕು. ಮೊದಲ ಹಗುರ ಪಾಸಿನ ನಂತರ ತಿರುವಿದ ಭಾಗದ ಎರಡು ಕಡೆ ಮೈಕ್ರೋಮೀಟರ್ ಹಿಡಿಯಿರಿ. ಟೇಲ್‌ಸ್ಟಾಕ್ (ಹಿಂದಿನ ಸೆಂಟರ್ ಹಿಡಿದ ಲೇತಿನ ಭಾಗ) ಸ್ವಲ್ಪ ಪಕ್ಕಕ್ಕಿದ್ದರೂ ಟೇಪರ್ (ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ) ಬರುತ್ತದೆ, ಸರಿಮಾಡಿಯೇ ಮುಂದೆ ಹೋಗಬೇಕು. ಎಲ್ಲ ವ್ಯಾಸಗಳಲ್ಲೂ 0.5 ಮಿ.ಮೀ. ಉಳಿಸಿ ರಫ್ ಮುಗಿಸಿ, ಅಲ್ಲಿಗೆ ನಿಲ್ಲಿಸಿ.

ನಿಲ್ಲಿಸಲು ಕಾರಣ ಕೀ-ವೇ. ಬ್ರೈಟ್ ಬಾರನ್ನು ಡೈ ಮೂಲಕ ತಣ್ಣಗೆ ಎಳೆದು ಮಾಡಿರುತ್ತಾರೆ, ಹಾಗಾಗಿ ಅದರ ಹೊರಪದರದಲ್ಲಿ ಬಿಗಿತ ತುಂಬಿರುತ್ತದೆ. ಸುತ್ತಲೂ ಸಮನಾಗಿ ಇರುವ ತನಕ ಅದು ಬಾರನ್ನು ನೇರವಾಗಿ ಹಿಡಿದಿರುತ್ತದೆ. ಒಂದು ಮಗ್ಗುಲಲ್ಲಿ ಮಾತ್ರ ಕೀ-ವೇ ಕೊರೆದರೆ ಆ ಕಡೆಯ ಬಿಗಿತ ಹೋಗಿ ಶಾಫ್ಟ್ ಬಿಲ್ಲಿನಂತೆ ಬಾಗುತ್ತದೆ. ಫಿನಿಶ್ ಮಾಡಿದ ಮೇಲೆ ಕೀ-ವೇ ಹಾಕಿಸಿದರೆ ಬೇರಿಂಗ್ ಸೀಟಿನ ಶ್ರಮವೆಲ್ಲ ವ್ಯರ್ಥ. ರಫ್ ಆದ ಮೇಲೆ ಕೀ-ವೇ, ಅದರ ನಂತರ ಫಿನಿಶ್ ಕಟ್, ಈ ಕ್ರಮವನ್ನು ನಕ್ಷೆಯಲ್ಲೇ ಬರೆದುಕೊಡಿ. ಕೀ-ವೇ ಹಬ್ಬಿನ ಉದ್ದಕ್ಕೆ ಬೇಕಾದಷ್ಟೇ ಇರಲಿ. ಕಾಣಲು ಚೆಂದವೆಂದು ಉದ್ದಕ್ಕೂ ಹೊಡೆಸಬೇಡಿ.

ಅಳತೆ ಹೀಗೆ. 32 ವ್ಯಾಸಕ್ಕೆ ಕೀ 10 × 8, ಶಾಫ್ಟಿನಲ್ಲಿ 5.0 ಆಳ, ಹಬ್ಬಿನಲ್ಲಿ 3.3 ಆಳ. 25 ವ್ಯಾಸಕ್ಕೆ ಕೀ 8 × 7, ಶಾಫ್ಟಿನಲ್ಲಿ ಫಿನಿಶ್ ಆದ ಮೇಲೆ 4.0 ಉಳಿಯಬೇಕು, ಹಬ್ಬಿನಲ್ಲಿ 3.3. ವ್ಯಾಸದಲ್ಲಿ 0.5 ಉಳಿಸಿರುವಾಗ ಕೊರೆಯುವುದಾದ್ದರಿಂದ ಅಲ್ಲಿ 4.25 ಆಳಕ್ಕೆ ಕೊರೆಯಿಸಬೇಕು, ಇಲ್ಲದಿದ್ದರೆ ಕೊನೆಯ ಪಾಸಿನ ನಂತರ ಆಳ ಸಾಲುವುದಿಲ್ಲ. ಎರಡರಲ್ಲೂ ಕೂಡಿಸಿ ನೋಡಿದರೆ ಕೀಯ ನೆತ್ತಿಯ ಮೇಲೆ 0.3 ಮಿ.ಮೀ. ಸಂದು ಉಳಿಯುತ್ತದೆ. ಇದು ತಪ್ಪಲ್ಲ, ಬೇಕೆಂದೇ ಬಿಟ್ಟದ್ದು. ಕೀ ಬಲ ಸಾಗಿಸುವುದು ಎರಡು ಪಕ್ಕಗಳಿಂದ, ನೆತ್ತಿಯಿಂದಲ್ಲ. ಸಂದು ಇದೆಯೆಂದು ಶಿಮ್ (ತೆಳು ತಗಡು) ತುರುಕಿ ಸುತ್ತಿಗೆಯಲ್ಲಿ ಹೊಡೆದರೆ ಹಬ್ ಒಂದು ಕಡೆಗೆ ತಳ್ಳಿಸಿಕೊಂಡು ಸ್ಪ್ರಾಕೆಟ್ ಔಟ್ ಓಡುತ್ತದೆ. ಪಕ್ಕಗಳಲ್ಲಿ ಮಾತ್ರ ಆಟ ಇರಬಾರದು, ಕೀ ಮರದ ಸುತ್ತಿಗೆಯ ಹಗುರ ಏಟಿಗೆ ಕೂರಬೇಕು. 40 ಮಿ.ಮೀ. ಉದ್ದದ ಕೀಗಳು ಈ ಗಾಡಿಯ 231 ನ್ಯೂಟನ್-ಮೀಟರಿಗೆ ಧಾರಾಳ ಸಾಕು. ಹಬ್ಬಿನ ಕೀ-ವೇಯನ್ನು ಸ್ಲಾಟಿಂಗ್ ಮಷಿನ್ನಿನಲ್ಲಿ ಹೊಡೆಸಬೇಕು.

ಈಗ ಫಿನಿಶ್. ಬೇರಿಂಗ್ ಸೀಟು 29.98ರಿಂದ 30.00ರೊಳಗೆ ಬರಬೇಕು. ಗ್ರಬ್ ಸ್ಕ್ರೂ ಹಿಡಿಯುವ ಬೇರಿಂಗ್ ಆದ್ದರಿಂದ ಪ್ರೆಸ್ ಫಿಟ್ ಬೇಡ, ಕೈಯಲ್ಲಿ ತಳ್ಳಿದರೆ ಬಿಗಿಯಾಗಿ ಜಾರಿ ಹೋಗಬೇಕು. ಬಿಸಿಯಾಗಿರುವ ಶಾಫ್ಟನ್ನು ಅಳೆಯುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು. ಕಟಿಂಗಿನಿಂದ ಶಾಫ್ಟ್ 40 ಡಿಗ್ರಿ ಬಿಸಿಯೇರಿದ್ದರೆ 30 ಮಿ.ಮೀ. ವ್ಯಾಸ 0.014 ಹಿಗ್ಗಿರುತ್ತದೆ. ನಮಗಿರುವ ಅವಕಾಶವೇ 0.02, ಅದರಲ್ಲಿ ಮುಕ್ಕಾಲು ಪಾಲು ಹತ್ತಿರ ಅಳತೆಯಲ್ಲೇ ಕಳೆದುಹೋಯಿತು. ತಣ್ಣಗಾಗಲು ಬಿಟ್ಟು ಕೊನೆಯ ಪಾಸ್ ಕೊಡಿ, ಫೀಡ್ ಸುತ್ತಿಗೆ 0.08 ಇರಲಿ, ಬೇರಿಂಗನ್ನೇ ಹಾಕಿ ನೋಡಿ. ಎಮೆರಿ ಪೇಪರ್ ಹಿಡಿದು ಅಳತೆಗೆ ತರುವ ಅಭ್ಯಾಸದಿಂದ ಸೀಟು ಗುಂಡಗೆ ಉಳಿಯುವುದಿಲ್ಲ. ಗಾಲಿಯ ಸೀಟು 24.98–24.99, ಹಬ್ ಬೋರ್ 25.00–25.02.

ಸ್ಟೆಪ್ಪಿನ ಮೂಲೆಗೆ ಬನ್ನಿ. 30ರಿಂದ 25ಕ್ಕೆ ಇಳಿಯುವಲ್ಲಿ ಚೂಪು ಟೂಲಿನಿಂದ ಮೂಲೆ ಮಾಡಿದರೆ ಅಲ್ಲಿನ ಒತ್ತಡ ಲೆಕ್ಕದ 3 ಪಟ್ಟಿಗೂ ಮೇಲೇರುತ್ತದೆ. 1 ಮಿ.ಮೀ. ರೇಡಿಯಸ್ ಕೊಟ್ಟರೆ ಅದು ಸುಮಾರು 2 ಪಟ್ಟಿಗೆ ಇಳಿಯುತ್ತದೆ. ಇನ್ನೂ ದೊಡ್ಡ ರೇಡಿಯಸ್ ಒಳ್ಳೆಯದೇ, ಆದರೆ ಸ್ಟೆಪ್ಪಿನ ಎತ್ತರವೇ 2.5 ಮಿ.ಮೀ., ಹಬ್ ಒತ್ತಿ ಕೂರಲು ಚಪ್ಪಟೆ ಜಾಗ ಉಳಿಯಬೇಕು. 1 ಮಿ.ಮೀ. ರೇಡಿಯಸ್ ಕೊಟ್ಟು, ಹಬ್ಬಿನ ಬೋರಿನ ಬಾಯಿಗೆ 1.2 ಮಿ.ಮೀ. ಚಾಂಫರ್ (ಅಂಚಿನ ಓರೆ ಕಡಿತ) ಮಾಡಿ. ಚಾಂಫರ್ ಮರೆತರೆ ಹಬ್ಬಿನ ಅಂಚು ರೇಡಿಯಸ್ ಮೇಲೆ ಹತ್ತಿ ಕೂರುತ್ತದೆ. ನಟ್ ಬಿಗಿಯಾದಂತೆ ಅನ್ನಿಸುತ್ತದೆ, ಹತ್ತು ಕಿಲೋಮೀಟರಿಗೆ ಸಡಿಲವಾಗುತ್ತದೆ, ಸಾಲದ್ದಕ್ಕೆ ರೇಡಿಯಸ್ ಮೇಲೆ ಗೀರು ಬಿದ್ದು ಬಿರುಕಿಗೆ ಅಲ್ಲೇ ದಾರಿಯಾಗುತ್ತದೆ. ಮೂಲೆಯಲ್ಲಿ ಟೂಲಿನ ಗೆರೆ ಕಾಣಬಾರದು, ಎಣ್ಣೆ ಹಾಕಿ ನಯವಾದ ಎಮೆರಿಯಿಂದ ತಿಕ್ಕಿ ಹೊಳಪು ಬರಿಸಿ. ಎಮೆರಿಗೆ ಇಲ್ಲಿ ಮಾತ್ರ ಜಾಗವಿದೆ. 32ರಿಂದ 30ಕ್ಕೆ ಇಳಿಯುವಲ್ಲೂ 1 ಮಿ.ಮೀ. ರೇಡಿಯಸ್ ಇರಲಿ. ಅಲ್ಲಿ ಬೇರಿಂಗ್ ತಾಗುವುದೇ ಇಲ್ಲ, ಹಾಗಾಗಿ ಅಡ್ಡಿಯಿಲ್ಲ.

ಹಬ್‌ಗಳು

ಗಾಲಿಯ ಹಬ್ಬಿಗೆ ದಪ್ಪ ಎಂಎಸ್ ರೌಂಡಿನಿಂದ ಫ್ಲಾಂಜ್ (ರಿಮ್ ಕೂರುವ ಅಗಲ ಅಂಚು) ಸಮೇತ ಒಂದೇ ತುಂಡಿನಲ್ಲಿ ತಿರುವುವುದು ಉತ್ತಮ. ಬೋರ್ ಮತ್ತು ಫ್ಲಾಂಜಿನ ಮುಖ ಒಂದೇ ಸೆಟ್ಟಿಂಗಿನಲ್ಲಿ ಮುಗಿಯಬೇಕು. 50 ಮಿ.ಮೀ. ತ್ರಿಜ್ಯದಲ್ಲಿ ಫ್ಲಾಂಜ್ ಮುಖ 0.1 ಓರೆಯಾದರೆ ಟೈರಿನ ಹೊರಅಂಚಿನಲ್ಲಿ ಅದು 0.4 ಆಗುತ್ತದೆ. ಹಬ್ ಉದ್ದ 50 ಇರಲಿ, ಸೀಟು 48. ಈ 2 ಮಿ.ಮೀ. ವ್ಯತ್ಯಾಸ ಇಲ್ಲದಿದ್ದರೆ ನಟ್ಟಿನ ವಾಷರ್ ಹಬ್ಬನ್ನು ಒತ್ತುವ ಮೊದಲೇ ಶಾಫ್ಟಿನ ಮೆಟ್ಟಿಲಿಗೆ ತಾಗಿ ನಿಲ್ಲುತ್ತದೆ.

ರಿಮ್ಮಿನ ಬೋಲ್ಟ್ ತೂತುಗಳ ವೃತ್ತ ಅಳೆಯಲು: ನಾಲ್ಕು ತೂತಿದ್ದರೆ ಎದುರುಬದುರು ತೂತುಗಳ ನಡುದೂರವೇ ವ್ಯಾಸ. ಮೂರಿದ್ದರೆ ಪಕ್ಕದ ಎರಡರ ದೂರವನ್ನು 1.155ರಿಂದ, ಐದಿದ್ದರೆ 1.701ರಿಂದ ಗುಣಿಸಬೇಕು.

ಸ್ಪ್ರಾಕೆಟ್ ಹಬ್ಬಿಗೆ ಬರೀ ಗ್ರಬ್ ಸ್ಕ್ರೂ ನಂಬಬೇಡಿ. ಹಬ್ಬಿನ ಬಾಸಿಗೆ (ಶಾಫ್ಟ್ ಸುತ್ತಲಿನ ದಪ್ಪ ಭಾಗಕ್ಕೆ) ಒಂದು ಕಡೆ ಸೀಳು ಹಾಕಿಸಿ ಎರಡು ಎಂ8 ಬೋಲ್ಟಿನಿಂದ ಬಿಗಿಯುವಂತೆ ಮಾಡಿದರೆ ಹಬ್ ಶಾಫ್ಟನ್ನು ಅಪ್ಪಿ ಹಿಡಿಯುತ್ತದೆ, ಕೀ ಮೇಲೆ ಹಿಂದೆಮುಂದೆ ಬಡಿತ ಇರುವುದಿಲ್ಲ, ಚೈನ್ ಸಾಲಿಗೆ ಬರುವಂತೆ ಪಕ್ಕಕ್ಕೆ ಸರಿಸಿ ಹೊಂದಿಸಲೂ ಸುಲಭ. ಸ್ಪ್ರಾಕೆಟ್ ಮತ್ತು ಬ್ರೇಕ್ ಡಿಸ್ಕ್ ಎರಡನ್ನೂ ಒಂದೇ ಹಬ್ಬಿಗೆ ಕಟ್ಟಿ ಒಂದು ಹಬ್ ಉಳಿಸುವ ಆಸೆ ಬೇಡ. ಚೈನಿನ ಎಣ್ಣೆ ಡಿಸ್ಕಿಗೆ ಸಿಡಿದರೆ ಬ್ರೇಕ್ ಇಲ್ಲ.

ಇನ್ನು ವೆಲ್ಡಿಂಗ್. ಸ್ಪ್ರಾಕೆಟ್ಟನ್ನು ನೇರವಾಗಿ ಆಕ್ಸಲಿಗೆ ಬೆಸೆದುಬಿಟ್ಟರೆ ಕೀ-ವೇ, ಹಬ್ ಯಾವುದರ ಖರ್ಚೂ ಇಲ್ಲವಲ್ಲ ಎಂಬ ಸಲಹೆ ಸಿಕ್ಕೇ ಸಿಗುತ್ತದೆ. ಇಎನ್8ನಲ್ಲಿರುವ ಇಂಗಾಲದಿಂದಾಗಿ, ಬೆಸುಗೆಯ ಪಕ್ಕದ ಕಬ್ಬಿಣ ಕೆಂಪಗೆ ಕಾದು ಸುತ್ತಲ ತಣ್ಣನೆ ಲೋಹಕ್ಕೆ ಶಾಖ ಬಿಟ್ಟು ತಟ್ಟನೆ ಆರಿದಾಗ ಗಾಜಿನಂತೆ ಗಡುಸಾಗುತ್ತದೆ. ಎರಡು ಬೇರಿಂಗ್ ನಡುವೆ ಬಾಗುವ ಮೊಮೆಂಟ್ ಎಲ್ಲೆಡೆ ಪೂರ್ತಿ ಇರುತ್ತದೆ ಎಂದು ಮೇಲೆ ಹೇಳಿದೆಯಲ್ಲ, ಆ ಗಡುಸು ಉಂಗುರ ಸರಿಯಾಗಿ ಅದೇ ಜಾಗದಲ್ಲಿರುತ್ತದೆ. ಬೆಸುಗೆ ಬಿಡುವುದಿಲ್ಲ, ಅದರ ಪಕ್ಕದಲ್ಲಿ ಕತ್ತಿಯಲ್ಲಿ ಕಡಿದಂತೆ ಶಾಫ್ಟ್ ಮುರಿಯುತ್ತದೆ. ಆಕ್ಸಲ್ ಮೇಲೆ ವೆಲ್ಡಿಂಗ್ ಕಿಡಿ ಕೂಡ ಬೀಳಬಾರದು.

ಕೂರಿಸುವುದು

ಬೇರಿಂಗ್ ಕೂರುವ 10 ಮಿ.ಮೀ. ದಪ್ಪದ ಪ್ಲೇಟುಗಳನ್ನು ಚಾಸಿಗೆ ಬೆಸೆದು, ಪೂರ್ತಿ ಆರಿದ ಮೇಲೆಯೇ ತೂತು ಹೊಡೆಯಬೇಕು. ವೆಲ್ಡ್ ಆರುವಾಗ ಪ್ಲೇಟನ್ನು ಎಳೆಯುತ್ತದೆ. ಮೊದಲೇ ತೂತು ಹೊಡೆದಿದ್ದರೆ ಆ ಎಳೆತಕ್ಕೆ ತೂತುಗಳೂ ಜಾಗ ತಪ್ಪುತ್ತವೆ. ಬೇರಿಂಗ್ ಕೂರಿಸಿದ ಮೇಲೆ ಚಾಸಿಯಲ್ಲಿ ವೆಲ್ಡ್ ಮಾಡಲೇಬೇಕಾಗಿ ಬಂದರೆ ಅರ್ಥ್ ಕ್ಲಾಂಪ್ ಬೆಸೆಯುವ ಜಾಗದ ಪಕ್ಕದಲ್ಲೇ ಇರಲಿ. ಕರೆಂಟ್ ಬೇರಿಂಗ್ ಮೂಲಕ ಹರಿದರೆ ಗುಂಡುಗಳ ಮೇಲೆ ಸುಟ್ಟ ಚುಕ್ಕೆ ಬಿದ್ದು ಬೇರಿಂಗ್ ಕೂಗಲು ಶುರುಮಾಡುತ್ತದೆ.

ಆಕ್ಸಲಿಗೆ ಹಬ್‌ಗಳನ್ನು, ಬೇರಿಂಗ್‌ಗಳನ್ನು ಹಾಕಿ ಪ್ಲೇಟಿನ ಮೇಲಿಟ್ಟು, ಮುಂದಿನ ಕ್ರಾಸ್ ಪೈಪಿನ ನಟ್ಟನಡುವಿನ ಒಂದು ಗುರುತಿನಿಂದ ಎರಡೂ ಬೇರಿಂಗಿನ ನಡುವಿಗೆ ಕರ್ಣ ಅಳೆಯಿರಿ. ವ್ಯತ್ಯಾಸ 1 ಮಿ.ಮೀ. ಒಳಗಿರಬೇಕು, ಇಲ್ಲದಿದ್ದರೆ ಗಾಡಿ ಏಡಿಯಂತೆ ಓರೆಯಾಗಿ ಓಡುತ್ತದೆ. ಆಗ ತೂತು ಗುರುತಿಸಿ, ಬೋಲ್ಟ್ ಸಡಿಲವಾಗಿ ಹಾಕಿ. ಒಂದೊಂದೇ ಬೋಲ್ಟ್ ಬಿಗಿಯುತ್ತ ಪ್ರತಿ ಸಲವೂ ಆಕ್ಸಲನ್ನು ಕೈಯಲ್ಲಿ ತಿರುಗಿಸಿ ನೋಡಿ. ಯಾವ ಬೋಲ್ಟ್ ಬಿಗಿದಾಗ ಭಾರವಾಯಿತೋ ಆ ಪಾದದ ಕೆಳಗೆ ಶಿಮ್ ಬೇಕು. ಸುತ್ತಿನುದ್ದಕ್ಕೂ ಒಂದೇ ಸಮನೆ ಬಿಗಿಯಿದ್ದರೆ ಬೇರಿಂಗ್ ಪಾದಗಳು ಸಾಲಿನಲ್ಲಿಲ್ಲ ಎಂದರ್ಥ. ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ಹಿಡಿದು ಬಿಟ್ಟರೆ ಶಾಫ್ಟೇ ಬಾಗಿದೆ. ಮೊದಲನೆಯದಕ್ಕೆ ಶಿಮ್ ಸಾಕು, ಎರಡನೆಯದಕ್ಕೆ ಶಾಫ್ಟ್ ಮತ್ತೆ ಸೆಂಟರ್ ನಡುವೆ ಹೋಗಬೇಕು.

ಪಾದದ ಬೋಲ್ಟುಗಳೆಲ್ಲ ಬಿಗಿದ ಮೇಲೆ ಹತ್ತಿಪ್ಪತ್ತು ಸುತ್ತು ತಿರುಗಿಸಿ, ಒಳರಿಂಗುಗಳು ತಮ್ಮ ಜಾಗ ಹುಡುಕಿಕೊಂಡ ಬಳಿಕವೇ ಗ್ರಬ್ ಸ್ಕ್ರೂ ಬಿಗಿಯಬೇಕು. ಎಂ6 ಸ್ಕ್ರೂಗೆ ಸುಮಾರು 4 ನ್ಯೂಟನ್-ಮೀಟರ್ ಸಾಕು. ಮೇಲೆ ಹೋದರೆ ಒಳರಿಂಗು ಸೀಳಬಹುದು. ಸ್ಕ್ರೂ ತುದಿ ಕೂರಲೆಂದು ಶಾಫ್ಟಿಗೆ ಡ್ರಿಲ್ಲಿನಿಂದ ಗುಳಿ ಹಾಕುವ ರೂಢಿಯಿದೆ. ಬಾಗುವ ಬಲ ಪೂರ್ತಿ ಇರುವ ಜಾಗದಲ್ಲಿ ಅದು ಬೇಡ. ಅರದಿಂದ 0.3 ಮಿ.ಮೀ. ಚಪ್ಪಟೆ ಮಾಡಿದರೆ ಸಾಕು. ಬೇರಿಂಗ್ ಪಕ್ಕಕ್ಕೆ ಸರಿಯದಂತೆ ಒಳಗಡೆ ಒಂದೊಂದು ಸ್ಪ್ಲಿಟ್ ಕಾಲರ್ (ಬೋಲ್ಟಿನಿಂದ ಬಿಗಿಯುವ ಸೀಳು ಉಂಗುರ) ಹಾಕಿ.

ಗಾಲಿಯ ಕ್ಯಾಸಲ್ ನಟ್ಟಿಗೆ (ಪಿನ್ ತೂರಲು ಸೀಳುಗಳಿರುವ ನಟ್ಟಿಗೆ) 90–100 ನ್ಯೂಟನ್-ಮೀಟರ್, ಆಮೇಲೆ 4 ಮಿ.ಮೀ. ಸ್ಪ್ಲಿಟ್ ಪಿನ್. ಕಡಾಣಿಯ ಕೆಲಸ ಮಾಡುವುದು ಇದೇ ಪಿನ್, ಬದಲಿಗೆ ಮೊಳೆಯನ್ನೋ ತಂತಿಯನ್ನೋ ಹಾಕಬಾರದು. ಪಿನ್ ತೂತಿಗೆ ನಟ್ಟಿನ ಸೀಳು ಹೊಂದದಿದ್ದರೆ ವಾಷರ್ ಬದಲಿಸಿ ಹೊಂದಿಸಿ, ನಟ್ಟನ್ನು ಹಿಂದಕ್ಕೆ ಸಡಿಲಿಸಬೇಡಿ. ಚೈನಿನ ಸಾಲನ್ನು ಎರಡು ಸ್ಪ್ರಾಕೆಟ್ಟಿಗೂ ನೇರಪಟ್ಟಿ ಹಿಡಿದು ನೋಡಿ, ಚೈನ್ ನಡುವೆ 20–25 ಮಿ.ಮೀ. ಆಡಲಿ.

ಮುಂದಿನ ಗಾಲಿಗಳ ಬಗ್ಗೆ ಒಂದೇ ಮಾತು. ಬೈಕಿನ ಮುಂದಿನ ಗಾಲಿಯ ತೆಳ್ಳನೆ ಆಕ್ಸಲನ್ನು ಎರಡೂ ಕಡೆ ಫೋರ್ಕ್ ಹಿಡಿದಿರುತ್ತದೆ. ಅದನ್ನೇ ತಂದು ಒಂದೇ ಕಡೆ ಹಿಡಿದ ಸ್ಟಬ್ ಮಾಡಿದರೆ ಬುಡದಲ್ಲಿ ಬಾಗಿಯೇ ಬಾಗುತ್ತದೆ. ಇಎನ್8, ಬುಡದಲ್ಲಿ 25 ಮಿ.ಮೀ., 2 ಮಿ.ಮೀ. ರೇಡಿಯಸ್, ಒಳಗೆ 6205, ಹೊರಗೆ 6204, ತುದಿಯಲ್ಲಿ ಎಂ16 ನಟ್ ಇರಲಿ. ಬುಡವನ್ನು ಬೆಸೆಯುವ ಬದಲು ದಪ್ಪ ಬಾಸಿನೊಳಗೆ ತೂರಿಸಿ ಹಿಂದಿನಿಂದ ನಟ್ ಹಾಕಿ ಬಿಗಿಯಿರಿ.

ಮೊದಲ 10 ಕಿಲೋಮೀಟರಿಗೆ ಎಲ್ಲ ಬೋಲ್ಟ್, ಗ್ರಬ್ ಸ್ಕ್ರೂ, ನಟ್ ಮತ್ತೆ ಬಿಗಿ ನೋಡಬೇಕು, 50ಕ್ಕೆ ಇನ್ನೊಮ್ಮೆ. ಒಳರಿಂಗಿನ ಅಂಚಿನಲ್ಲಿ ಕುಂಕುಮದಂಥ ಕೆಂಪು ಪುಡಿ ಕಂಡರೆ ಶಾಫ್ಟ್ ರಿಂಗಿನೊಳಗೆ ಆಡುತ್ತಿದೆ ಎಂದು ತಿಳಿಯಿರಿ. ಅದು ತುಕ್ಕು ಹಿಡಿದದ್ದಲ್ಲ, ಸವೆದ ಲೋಹದ ಪುಡಿ. ಗ್ರೀಸನ್ನು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಗಾಲಿ ತಿರುಗಿಸುತ್ತ ನಿಧಾನವಾಗಿ ಹೊಡೆಯಿರಿ. ಒಮ್ಮೆಲೇ ಜೋರಾಗಿ ಹೊಡೆದರೆ ಸೀಲ್ ಹೊರಗೆ ಉಬ್ಬಿ, ಕೆಸರಿಗೆ ದಾರಿ ತೆರೆಯುತ್ತದೆ.

ವರ್ಷಕ್ಕೊಮ್ಮೆ ಗಾಲಿಯ ಹಬ್‌ಗಳನ್ನು ಕಳಚಿ ಸ್ಟೆಪ್ಪಿನ ಮೂಲೆ, ಕೀ-ವೇಯ ತುದಿಗಳನ್ನು ಪರೀಕ್ಷಿಸಬೇಕು. ಇದಕ್ಕೆ ದುಬಾರಿ ಸಾಮಾನು ಬೇಡ. ಜಾಗವನ್ನು ಚೆನ್ನಾಗಿ ಒರೆಸಿ ಸೀಮೆಎಣ್ಣೆ ಹಚ್ಚಿ ಕಾಲು ಗಂಟೆ ಬಿಡಿ, ಒಣಬಟ್ಟೆಯಲ್ಲಿ ಪೂರ್ತಿ ಒರೆಸಿ, ಸೀಮೆಸುಣ್ಣದ ಪುಡಿ ಬಳಿಯಿರಿ. ಬಿರುಕಿದ್ದರೆ ಅದರೊಳಗೆ ಇಳಿದ ಸೀಮೆಎಣ್ಣೆ ಸುಣ್ಣಕ್ಕೆ ಹೀರಿಕೊಂಡು ಕೂದಲೆಳೆಯಂಥ ಕಪ್ಪು ಗೆರೆಯಾಗಿ ಕಾಣುತ್ತದೆ. ಗೆರೆ ಕಂಡ ಆಕ್ಸಲನ್ನು ಬೆಸೆದು ಮತ್ತೆ ಹಾಕಬಾರದು. ಹಳೆಯ ನಕ್ಷೆ, ಹಬ್ ಬೋರುಗಳ ನಿಜ ಅಳತೆ ಬರೆದಿಟ್ಟ ಹಾಳೆ ಇದ್ದರೆ ಹೊಸದನ್ನು ಮಾಡಿಸಲು ಹಬ್‌ಗಳನ್ನು ಲೇತ್ ಶಾಪಿಗೆ ಹೊತ್ತೊಯ್ಯುವ ಅಗತ್ಯವೂ ಬೀಳುವುದಿಲ್ಲ.